ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರುಗಳು

ನಾನು ಸ್ಟುಟ್‌ಗಾರ್ಟಿಗೆ ಬಂದ ಮೊದಲ ವರ್ಷದ ಮಾತು. ನಾವಿದ್ದ ಕಟ್ಟಡದಲ್ಲಿ ಆರು ಮನೆ. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಬಾಗಿಲ ಹಿಡಿಕೆಗೆ ಯಾರೋ ಒಂದು ಸಣ್ಣ ಮರದ ಹಲಗೆ ನೇತು ಹಾಕಿದ್ದರು. ಅದರ ಮೇಲೆ ‘ಕೇರ್‌ವೋಖೆ’ ಅಂತ ಬರೆದಿತ್ತು. ಗುಡಿಸುವ ವಾರ ಅಂತ ಅರ್ಥ. ಜರ್ಮನಿಯ ಈ ಶ್ವಾಬಿಯಾ ಸೀಮೆಯಲ್ಲಿ ಒಂದು ಕಟ್ಟಡದಲ್ಲಿ ಇರುವವರೆಲ್ಲ ಸರದಿ ಪ್ರಕಾರ ಮೆಟ್ಟಿಲು ಒರೆಸಬೇಕು, ಹೊರಗಿನ ಕಾಲುದಾರಿ ಗುಡಿಸಬೇಕು. ಇದರ ಬೇರು 15ನೇ ಶತಮಾನದ ಊರ ಕಟ್ಟಳೆಗಳ ತನಕ ಹೋಗುತ್ತದೆ. ನಮ್ಮ ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ದಾಟಿಸಬೇಕು.

ನನಗೆ ಹಗಲು ಬಿಡುವಿರಲಿಲ್ಲ. ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ಮೂರು ಅಂತಸ್ತಿನ ಮೆಟ್ಟಿಲನ್ನೂ ಒರೆಸಿದೆ. ಸದ್ದಾಗಬಾರದು ಅಂತ ಬಕೆಟ್ಟಿನ ಕೆಳಗೆ ಬಟ್ಟೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿದೆ. ಮಾರನೇ ದಿನ ಕೆಳಗಿನ ಮನೆಯ ಅಜ್ಜಿ ಸಿಕ್ಕರು. ‘ಈ ವಾರ ನಿಮ್ಮ ಸರದಿ ಅಲ್ವಾ, ಯಾಕೆ ಮಾಡಿಲ್ಲ?’ ಅಂದರು. ಮಾಡಿದ್ದೇನೆ, ನಿನ್ನೆ ರಾತ್ರಿ ಅಂದೆ. ಅವರು ಬಗ್ಗಿ ಮೆಟ್ಟಿಲು ನೋಡಿದರು. ಚೊಕ್ಕಟವಾಗಿಯೇ ಇತ್ತು. ಆದರೂ ಅವರ ಮುಖ ಸಡಿಲವಾಗಲಿಲ್ಲ. ‘ಶನಿವಾರ ಬೆಳಿಗ್ಗೆ ಮಾಡಿ. ಆಗ ಎಲ್ಲರೂ ಓಡಾಡ್ತಾ ಇರ್ತಾರೆ’ ಅಂದರು.

ಮುಂದಿನ ಸರದಿಗೆ ಶನಿವಾರ ಹತ್ತು ಗಂಟೆಗೆ ಪೊರಕೆ ಹಿಡಿದು ನಿಂತೆ. ಕೆಲಸ ಹೋದ ಸಲದಷ್ಟು ಚೆನ್ನಾಗಿ ಆಗಲಿಲ್ಲ. ಆದರೆ ಹಾದುಹೋದವರೆಲ್ಲ ನಿಂತು ಮಾತಾಡಿಸಿದರು. ಒಬ್ಬರು ಭಾರತದಲ್ಲಿ ಯಾವ ಕಡೆ ಅಂತ ಕೇಳಿದರು. ಇನ್ನೊಬ್ಬರು ಹಿಮ ಬಿದ್ದಾಗ ಕಾಲುದಾರಿಗೆ ಎರಚುವ ಉಪ್ಪು ಎಲ್ಲಿ ಇಟ್ಟಿರುತ್ತಾರೆ ಅಂತ ತೋರಿಸಿಕೊಟ್ಟರು. ಆವತ್ತು ನಾನು ಆ ಕಟ್ಟಡದವನಾದೆ.

ಕಸ ತೆಗೆಯುವುದು ಕಣ್ಣಿಗೆ ಕಾಣುವ ಕಾರಣ. ನನ್ನ ಪಾಲಿನ ಹೊರೆ ನಾನು ಹೊರುತ್ತೇನೆ ಅಂತ ನಾಲ್ಕು ಜನಕ್ಕೆ ಕಾಣಬೇಕು ಅನ್ನೋದು ಒಳಗಿನ ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ಶುಚಿತ್ವ ಅಂತಲೇ ಹೇಳುತ್ತಾರೆ, ಅದನ್ನು ಮನಸಾರೆ ನಂಬಿಯೂ ಇರುತ್ತಾರೆ.

ಆ ದಿನ ನನಗೆ ನೆನಪಾಗಿದ್ದು ಅಮ್ಮನ ಬೀರು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಬೀರುವಿನ ಕೆಳಗಿನ ಖಾನೆಯಲ್ಲಿ, ಮನೆಪತ್ರದ ಚೀಲದ ಜೊತೆ ನಾಲ್ಕು ಉದ್ದನೆಯ ಪುಸ್ತಕಗಳಿವೆ. ಅವು ಮುಯ್ಯಿ ಪುಸ್ತಕಗಳು. ಅಕ್ಕನ ಮದುವೆಯದು, ಅಣ್ಣನ ಮದುವೆಯದು, ಗೃಹಪ್ರವೇಶದ್ದು, ನನ್ನ ಮದುವೆಯದು. ಮೊದಲ ಪುಟದಲ್ಲಿ ಅರಿಶಿನ ಕುಂಕುಮದ ಗುರುತು. ಆಮೇಲೆ ಸಾಲಾಗಿ ಹೆಸರು, ಊರು, ಮೊತ್ತ. ಯಾರದಾದರೂ ಮನೆಯಿಂದ ಮದುವೆ ಕಾಗದ ಬಂದರೆ ಅಮ್ಮ ಮೊದಲು ಹೇಳುವ ಮಾತು: ‘ಪುಸ್ತಕ ತೆಗಿ ಮಾರಾಯ, ಅವ್ರು ನಮ್ಮನೆ ಗೃಹಪ್ರವೇಶಕ್ಕೆ ಎಷ್ಟು ಮಾಡಿದ್ರು ನೋಡು.’ ಅವರು 51 ಮಾಡಿದ್ದರೆ ನಾವು 101 ಮಾಡಬೇಕು. ಅಷ್ಟಕ್ಕಷ್ಟೇ ಮಾಡಬಾರದು. ಸರಿಸಮ ಆದರೆ ಲೆಕ್ಕ ಚುಕ್ತಾ ಆಗುತ್ತದೆ. ಆಮೇಲೆ ಬಂದು ಹೋಗುವುದಕ್ಕೆ ನೆಪ ಏನು ಉಳಿಯುತ್ತದೆ?

ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬ ವಿದ್ವಾಂಸರು 1925ರಲ್ಲೇ ಬರೆದಿದ್ದರು: ಉಡುಗೊರೆ ಅಂದ ಮೇಲೆ ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ತಿರುಗಿ ಕೊಡಲೇಬೇಕು. ಅವರಿಗೆ ಕನ್ನಡ ಗೊತ್ತಿದ್ದರೆ ಒಂದೇ ಪದ ಸಾಕಾಗುತ್ತಿತ್ತು. ಮದುವೆಯಲ್ಲಿ ಮಾಡುವುದೂ ಮುಯ್ಯಿ. ಗದ್ದೆ ನೆಟ್ಟಿಗೆ ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ ಬಂದರೆ ಅದು ಮುಯ್ಯಾಳು. ಹಗೆ ಸಾಧಿಸಿದರೂ ಮುಯ್ಯಿ ತೀರಿಸಿಕೊಂಡ ಅಂತಲೇ ಹೇಳುತ್ತೇವೆ. ನಮ್ಮ ಹಿರಿಯರಿಗೆ ಒಳಗಿನ ಲೆಕ್ಕ ಗೊತ್ತಿತ್ತು. ಅದಕ್ಕೆ ಅವರು ಹೆಸರಿಟ್ಟರು, ಪುಸ್ತಕ ಇಟ್ಟರು. ಹಾಗಂತ ಪ್ರೀತಿ ಸುಳ್ಳಾಗಿರಲಿಲ್ಲ. 51 ರೂಪಾಯಿ ಬರೆಸಿದ ಅದೇ ಮಾವ ಹಿಂದಿನ ರಾತ್ರಿಯಿಡೀ ಕೂತು ತೆಂಗಿನಕಾಯಿ ತುರಿದಿದ್ದರು.

ಇಲ್ಲಿ ಜರ್ಮನಿಯಲ್ಲಿ ಹೋಟೆಲ್ ಊಟ ಮುಗಿದ ಕೂಡಲೇ ಮಾಣಿ ಕೇಳುತ್ತಾನೆ, ಒಟ್ಟಿಗೋ ಬೇರೆ ಬೇರೆಯೋ ಅಂತ. ಬೇರೆ ಬೇರೆ ಅನ್ನುವುದೇ ಜಾಸ್ತಿ. ಆಫೀಸಿನಲ್ಲಿ ಹುಟ್ಟುಹಬ್ಬದವನೇ ಕೇಕ್ ತರಬೇಕು, ವರ್ಷದಲ್ಲಿ ಒಂದು ದಿನ ಅವನ ಸರದಿ. ಈ ಜನ ಲೆಕ್ಕವನ್ನು ಅಂದಂದೇ ಮುಗಿಸಿಕೊಳ್ಳುತ್ತಾರೆ. ನಾವು ಮೂವತ್ತು ವರ್ಷ ಮುಗಿಯದ ಹಾಗೆ ನೋಡಿಕೊಳ್ಳುತ್ತೇವೆ. ಬಂದ ಹೊಸದರಲ್ಲಿ ನಾನು ಇವರನ್ನು ಒಣ ಜನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾರಿಗೂ ಋಣಿಯಾಗಿರಬಾರದು, ಯಾರ ಮೇಲೂ ಹೊರೆ ಹಾಕಬಾರದು ಅನ್ನೋದು ಅವರ ಮರ್ಯಾದೆ. ಗುಂಪು ಕಟ್ಟಿಕೊಳ್ಳುವುದರಲ್ಲೂ ಹಾಗೆಯೇ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ದೇಶದಲ್ಲಿ ಅಂಥ ಸಂಘಗಳು ಆರು ಲಕ್ಷಕ್ಕೂ ಜಾಸ್ತಿ ಇವೆ. ಚಂದಾ ಕಟ್ಟಿದರೆ ಒಳಗೆ, ಬಿಟ್ಟರೆ ಹೊರಗೆ. ನಿಮ್ಮ ಅಜ್ಜ ಯಾರು ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಕೇಳುತ್ತಾರೆ. ನಾನೂ ಕೇಳಿದ್ದೇನೆ. ಈ ಬರಹ ಶುರುವಾಗಿದ್ದೇ ಅಲ್ಲಿಂದ.

ಕೆಲವು ವರ್ಷದ ಹಿಂದೆ ಇಲ್ಲಿನ ಕನ್ನಡದವರು ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ. ನಾನು ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಇಟ್ಟಿದ್ದೆ. ಹೊಸದಾಗಿ ಓದಲು ಬಂದಿದ್ದ ಒಬ್ಬ ಹುಡುಗ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. ‘ಜೀರಿಗೆ ಮಿಡಿ ಅಲ್ವಾ ಸರ್ ಇದು?’ ಅಂದ. ಬೇರೆ ಯಾರೂ ಅದನ್ನು ವಾಸನೆಯಲ್ಲಿ ಗುರುತಿಸುವುದು ಸಾಧ್ಯವಿರಲಿಲ್ಲ. ನನಗೆ ಆದ ಖುಷಿ ಹೇಳತೀರದು. ಯಾವ ಊರು ಅಂದೆ. ಸಾಗರದ ಹತ್ತಿರ ಅಂದ. ಸಾಗರದಲ್ಲಿ ಎಲ್ಲಿ ಅಂದೆ. ಹೇಳಿದ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂತು: ‘ಯಾರ ಪೈಕಿ ನೀವು?’

ಅವನು ತಟ್ಟೆ ಕೆಳಗಿಟ್ಟ. ‘ನಮ್ಮಜ್ಜ ಕಾಗೋಡು ಹೋರಾಟದಲ್ಲಿ ಜೈಲಿಗೆ ಹೋಗಿದ್ರು ಸರ್’ ಅಂದ. ಜಮೀನುದಾರರ ಎದುರು ಗೇಣಿದಾರರು ಮಾಡಿದ ಹೋರಾಟ ಅದು. ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಆ ಕಡೆ ಹೋಗಿ ಕೂತ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಯಾರ ಪೈಕಿ’ ಅಂದರೆ ಜಾತಿ ಕೇಳುವ ಮರ್ಯಾದಸ್ಥ ದಾರಿ. ಆದರೆ ಆ ಹೊತ್ತಿಗೆ ನಿಜವಾಗಿ ನನಗೆ ಹಾಗನ್ನಿಸಿರಲಿಲ್ಲ. ಊರಿನ ಹುಡುಗ, ಪರಿಚಯದವರ ಮಗ ಇರಬಹುದು, ಸುಮ್ನೆ ಪ್ರೀತಿಯಿಂದ ಕೇಳಿದೆ ಅಂತಲೇ ರಾತ್ರಿ ಹೆಂಡತಿಯ ಹತ್ತಿರ ವಾದ ಮಾಡಿದೆ. ಅವಳು ‘ಉತ್ತರ ಗೊತ್ತಾದ ಮೇಲೆ ನೀವು ಏನು ಮಾಡೋರಿದ್ರಿ?’ ಅಂತ ಒಂದೇ ಪ್ರಶ್ನೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೆದುಳಿನ ವಿಷಯದಲ್ಲಿ ಮೈಕೆಲ್ ಗಜಾನಿಗಾ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಒಂದು ಪರೀಕ್ಷೆ ಇದೆ. ಮೂರ್ಛೆ ರೋಗದ ಚಿಕಿತ್ಸೆಗಾಗಿ ಮೆದುಳಿನ ಎಡ ಬಲ ಭಾಗಗಳ ನಡುವಿನ ಸೇತುವೆ ಕತ್ತರಿಸಿದ್ದ ಒಬ್ಬ ರೋಗಿ. ಅವನ ಎಡ ಮೆದುಳಿಗೆ ಮಾತ್ರ ಕೋಳಿ ಕಾಲಿನ ಚಿತ್ರ ತೋರಿಸಿದರು, ಬಲ ಮೆದುಳಿಗೆ ಮಾತ್ರ ಹಿಮ ಬಿದ್ದ ಮನೆಯ ಚಿತ್ರ. ಆಮೇಲೆ ಬೇರೆ ಚಿತ್ರಗಳನ್ನಿಟ್ಟು, ನೋಡಿದ್ದಕ್ಕೆ ಹೊಂದುವುದನ್ನು ಆರಿಸು ಅಂದರು. ಬಲಗೈ ಕೋಳಿಯನ್ನು ತೋರಿಸಿತು, ಎಡಗೈ ಹಿಮ ತೆಗೆಯುವ ಸಲಿಕೆಯನ್ನು. ಸಲಿಕೆ ಯಾಕೆ ಅಂತ ಕೇಳಿದರು. ಮಾತಾಡುವುದು ಎಡ ಮೆದುಳು. ಅದು ಹಿಮ ನೋಡೇ ಇಲ್ಲ. ಆದರೂ ಅವನು ತಡವರಿಸದೆ, ಕೋಳಿ ಗೂಡು ಗುಡಿಸೋಕೆ ಸಲಿಕೆ ಬೇಕಲ್ಲ ಅಂದ. ಅವನು ಸುಳ್ಳು ಹೇಳಲಿಲ್ಲ. ತನ್ನ ಕೈ ಮಾಡಿದ್ದಕ್ಕೆ ಒಪ್ಪುವಂಥ ಕಾರಣ ಹುಡುಕಿಕೊಂಡ, ಅದನ್ನೇ ನಂಬಿದ. ಆ ಯುಗಾದಿಯ ರಾತ್ರಿ ನಾನು ಹೆಂಡತಿಗೆ ಹೇಳಿದ ‘ಸುಮ್ನೆ ಕೇಳಿದೆ’ ಕೂಡ ಅದೇ ಜಾತಿಯ ಕಾರಣ ಅಂತ ನನಗೆ ಈಗ ಅನಿಸುತ್ತದೆ.

ಇನ್ನೊಬ್ಬರ ಕೆಲಸವನ್ನೂ ಇಲ್ಲಿ ನೆನೆಯಬೇಕು. ಹೆನ್ರಿ ತಾಜ್‌ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೇನೆಯಲ್ಲಿದ್ದು ಜರ್ಮನರ ಸೆರೆಯಾಳಾದರು. ಬಿಡುಗಡೆಯಾಗಿ ಬರುವಷ್ಟರಲ್ಲಿ ಅವರ ಮನೆಯವರಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಮನುಷ್ಯರು ‘ನಮ್ಮವರು’, ‘ಅವರು’ ಅಂತ ಹೇಗೆ ಒಡೆದುಕೊಳ್ಳುತ್ತಾರೆ ಅಂತ ಆಮೇಲೆ ಜೀವನವಿಡೀ ಹುಡುಕಿದರು. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರನ್ನು ಕರೆದು ಎರಡು ಗುಂಪು ಮಾಡಿದರು. ನಿಮಗೆ ಕ್ಲೀ ಎಂಬ ಚಿತ್ರಕಾರ ಇಷ್ಟ, ನಿಮಗೆ ಕಾಂಡಿನ್‌ಸ್ಕಿ ಇಷ್ಟ ಅಂತ ಹೇಳಿದರು. ನಿಜದಲ್ಲಿ ಚೀಟಿ ಎತ್ತಿದ ಹಾಗೆ ಸುಮ್ಮನೆ ಹಂಚಿದ್ದು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಹಣ ಹಂಚಲು ಹೇಳಿದರೆ ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ನೋವಾಗುವುದು ಇಲ್ಲಿ: ತಮ್ಮವರಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಅವರಿಗಿಂತ ಮೇಲಿದ್ದರೆ ಸಾಕು ಅಂತ ಎಷ್ಟೋ ಸಲ ಆರಿಸಿದರು. ಹೆಸರೇ ಸರಿಯಾಗಿ ಗೊತ್ತಿಲ್ಲದ ಚಿತ್ರಕಾರನಿಗಾಗಿ ಇಷ್ಟು. ನಮ್ಮಲ್ಲಿ ಅದರ ಬದಲು ಕುಲ ಇದೆ, ಪೈಕಿ ಇದೆ, ತಲೆತಲಾಂತರದ ಜಗಲಿ ಇದೆ.

ಜಗಲಿಯ ಮಾತು ಬಂತು. ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ ಅಂದರೆ ನನ್ನ ಬಾಲ್ಯದ ಎಲ್ಲಕ್ಕಿಂತ ಚಂದದ ನೆನಪು. ಸಂಜೆಯಾದರೆ ಹಸಿ ಅಡಿಕೆ ರಾಶಿಯ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹದಿನೈದು ಜನ ಕೂರುತ್ತಿದ್ದರು. ಚೊಗರಿನ ವಾಸನೆ, ಸಿಪ್ಪೆ ಬೀಳುವ ಸದ್ದು, ಮಧ್ಯರಾತ್ರಿಯ ತನಕ ಮಾತು. ಯಾರ ಮಗಳು ಯಾರ ಜೊತೆ, ಯಾರ ತೋಟಕ್ಕೆ ಕೊಳೆ ಬಂತು, ಎಲ್ಲ ಅಲ್ಲೇ. ಮಂಗಗಳು ಒಂದರ ಹೇನು ಇನ್ನೊಂದು ಹೆಕ್ಕಿ ಗುಂಪು ಉಳಿಸಿಕೊಳ್ಳುವ ಹಾಗೆ ಮನುಷ್ಯರು ಆಡು ಮಾತಿನಿಂದ ಉಳಿಸಿಕೊಂಡರು ಅಂತ ರಾಬಿನ್ ಡನ್‌ಬಾರ್ ಎಂಬ ಬ್ರಿಟಿಷ್ ವಿಜ್ಞಾನಿ ಹೇಳುತ್ತಾರೆ. ಆ ರಾತ್ರಿಗಳನ್ನು ಕಂಡ ನನಗೆ ಅದು ಒಪ್ಪಿಗೆಯಾಗುತ್ತದೆ. ಈಗ ಸುಲಿಯುವ ಮೆಷಿನ್ ಬಂದಿದೆ. ಕೂಲಿ ಉಳಿಯಿತು, ಮಾತು ನಿಂತಿತು.

ಆದರೆ ಅದೇ ರಾತ್ರಿಗಳಲ್ಲಿ ನಾವು ಜಗಲಿಯ ಮೇಲೆ, ಸುಲಿಯುವವರು ಅಂಗಳದ ಚಪ್ಪರದಡಿ. ಕಾಫಿ ಕುಡಿದ ಲೋಟವನ್ನು ಅವರು ತಾವೇ ತೊಳೆದು ಜಗಲಿಯ ತುದಿಗೆ ಬೋರಲು ಹಾಕಿ ಹೋಗುತ್ತಿದ್ದರು. ಹಾಗೆ ಮಾಡಿ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಮೇಲ್ನೋಟಕ್ಕೆ ಜಗಳ ಇದ್ದಿದ್ದು ಭತ್ತ ಅಳೆಯುವ ಕೊಳಗದ ಬಗ್ಗೆ. ಸಮಾಜವಾದಿ ನಾಯಕ ರಾಮ ಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಕೊಳಗದ ಹಿಂದೆ ಇದ್ದಿದ್ದು ಮರ್ಯಾದೆಯ ಪ್ರಶ್ನೆ. ಅಳೆಯುವವನೂ ಅಳೆಸಿಕೊಳ್ಳುವವನೂ ಒಂದೇ ಎತ್ತರದಲ್ಲಿ ನಿಲ್ಲಬಹುದಾ ಅನ್ನೋದು. ಆ ಹುಡುಗ ನನಗೆ ಕೊಟ್ಟ ಉತ್ತರ ಅದೇ ಆಗಿತ್ತು.

ಆ ವರ್ಷ ರಜೆಗೆ ಊರಿಗೆ ಹೋದಾಗ ಮುಯ್ಯಿ ಪುಸ್ತಕಗಳನ್ನು ತೆಗೆದು ಕೂತೆ. ನಾಲ್ಕನ್ನೂ ಕೊನೆಯ ತನಕ ಓದಿದೆ. ನೆಂಟರು, ಅಕ್ಕಪಕ್ಕದ ತೋಟದವರು, ಪೇಟೆಯ ಅಂಗಡಿಯವರು, ಅಪ್ಪನ ಸ್ನೇಹಿತರು ಎಲ್ಲ ಇದ್ದರು. ನಮ್ಮ ತೋಟದಲ್ಲಿ ದುಡಿದವರ ಒಂದು ಹೆಸರೂ ಇರಲಿಲ್ಲ. ‘ಅಕ್ಕನ ಮದುವೆಗೆ ಅವ್ರ್ಯಾರೂ ಏನೂ ತರ್ಲಿಲ್ವಾ ಅಮ್ಮ?’ ಅಂತ ಕೇಳಿದೆ.

‘ಅಯ್ಯೋ, ತರದೆ ಏನು’ ಅಂದರು ಅಮ್ಮ. ಒಬ್ಬರು ದೊಡ್ಡ ಬಾಳೆಗೊನೆ ತಂದಿದ್ದರಂತೆ. ಒಬ್ಬರು ಮನೆಯ ಎಮ್ಮೆಯ ಹಾಲು, ಮೂರು ದಿನ. ಇನ್ನೊಬ್ಬರು ಒಂದು ಬುಟ್ಟಿ ಮೊಗೆಕಾಯಿ ಹೊತ್ತುಕೊಂಡು ಗುಡ್ಡ ಇಳಿದು ಬಂದಿದ್ದರು. ಮೂವತ್ತು ವರ್ಷದ ಹಿಂದಿನದು. ಅಮ್ಮನಿಗೆ ಹೆಸರು ಸಮೇತ ನೆನಪಿತ್ತು. ಮತ್ತೆ ಯಾಕೆ ಬರೆದಿಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವ್ರಿಗೆ ಹಬ್ಬಕ್ಕೆ ಬಟ್ಟೆ, ಅಕ್ಕಿ ಎಲ್ಲ ಕೊಡ್ತಿದ್ವಲ್ಲ. ಬರೆಯೋದೇನು?’ ಅಂದರು.

ಬರೆದಿದ್ದರೆ ತೀರಿಸಬೇಕಾಗುತ್ತಿತ್ತು. ತೀರಿಸಬೇಕಾದರೆ ಅವರ ಮನೆಯ ಮದುವೆಗೆ ಹೋಗಿ, ಅವರ ಚಪ್ಪರದಲ್ಲಿ ಕೂತು, ಎಲೆ ಹಾಕಿಸಿಕೊಂಡು ಉಣ್ಣಬೇಕಾಗುತ್ತಿತ್ತು. ನಾವು ಕೊಟ್ಟ ಬಟ್ಟೆ, ಅಕ್ಕಿ ಮೇಲಿಂದ ಕೆಳಕ್ಕೆ ಇಳಿದದ್ದು. ಅವರು ಹೊತ್ತು ತಂದ ಬಾಳೆಗೊನೆ ಸಮನಾಗಿ ಬಂದಿತ್ತು. ಅದನ್ನು ನಾವು ಲೆಕ್ಕಕ್ಕೆ ಇಡಲಿಲ್ಲ. ಅಮ್ಮನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದು ನನಗೆ ಗೊತ್ತು. ಆದರೆ ಇಡೀ ಮನೆಯ ಕೈ ಹಾಗೆ ಬರೆಯದೆ ಬಿಟ್ಟಿತ್ತು.

ಸಂಬಂಧದಲ್ಲಿ ಲೆಕ್ಕ ಇಡುವುದು ಸಣ್ಣತನ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ಮೆಟ್ಟಿಲ ಹಲಗೆಯೂ ಲೆಕ್ಕವೇ. ಅದು ನನ್ನ ಬಾಗಿಲಿಗೂ ಬಂತು, ಅದಕ್ಕೇ ನಾನು ಒಳಗಾದೆ. ಯಾರ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತದೆ ಅಂತ ಮಾತ್ರ ನಾವು ನೋಡುತ್ತಿರಬೇಕು.

ಊರಿಂದ ಬಂದ ಮೇಲೆ ಆ ಹುಡುಗನಿಗೆ ಫೋನ್ ಮಾಡಿದೆ. ಆವತ್ತು ಕೇಳಿದ್ದು ತಪ್ಪಾಯ್ತು ಅಂದೆ. ಅವನು ಬಿಡಿ ಸರ್ ಅಂದ. ಮತ್ತೆ ಒಂದು ವರ್ಷ ಬೇಕಾಯಿತು, ಸರ್ ಹೋಗಿ ಅಣ್ಣ ಆಗೋದಕ್ಕೆ. ಹೋದ ಮೇ ತಿಂಗಳಲ್ಲಿ ಸಾಗರದ ಹತ್ತಿರ ಅವನ ಮದುವೆ. ಅಮ್ಮನನ್ನೂ ಕರೆದುಕೊಂಡು ಹೋದೆ. ಊಟ ಮುಗಿಸಿ ಕೈ ತೊಳೆದು ಬಂದರೆ ಚಪ್ಪರದ ಮೂಲೆಯಲ್ಲಿ ಒಂದು ಮೇಜು, ಅವನ ಚಿಕ್ಕಪ್ಪ ಉದ್ದನೆಯ ಪುಸ್ತಕ ಹಿಡಿದು ಕೂತಿದ್ದರು. ಹೆಸರು ಹೇಳಿದೆ, ಊರು ಹೇಳಿದೆ, ದುಡ್ಡು ಕೊಟ್ಟೆ. ಅವರು ಬರೆದುಕೊಂಡು ತಲೆಯೆತ್ತಿದರು.

‘ಯಾರ ಪೈಕಿ ಅಂತ ಬರೀಲಿ?’

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಮ್ಮ ಹೇಳಿದರು: ‘ಮದುಮಗನ ಪೈಕಿ ಅಂತ ಬರ್ಕೊಳಿ.’