'ಗಿ'ಕಾರದ ಇಂಗ್ಲಿಷ್

ಇಂಗ್ಲಿಷ್ ಮಾತಾಡುವಾಗ ಪಟ್ಟಿ ಮುಗಿಸೋಕೆ ನಮ್ಮಲ್ಲಿ ಬಹಳ ಜನರ ಹತ್ತಿರ ಎರಡೇ ಬಾಲ: ಶಾಲೆಯಲ್ಲಿ ಕಲಿತ 'ಎಟ್ಸೆಟ್ರಾ', ಮನೆಮಾತಿನಿಂದ ಬಂದ 'ಆ್ಯಂಡ್ ಆಲ್'. "ಟಿಫಿನ್ ಆ್ಯಂಡ್ ಆಲ್ ಈಸ್ ರೆಡಿ" ಅಂದರೆ ನಮಗೆ ತಿಂಡಿಗಿಂಡಿ ಎಲ್ಲಾ ರೆಡಿ. ಇಂಗ್ಲೆಂಡಿನವರ ಕಿವಿಗೆ 'ಆ್ಯಂಡ್ ಆಲ್' ಅಂದರೆ ಹೆಚ್ಚಾಗಿ 'ಸಮೇತ'. ಮಾವಿನಹಣ್ಣನ್ನು 'ಸ್ಕಿನ್ ಆ್ಯಂಡ್ ಆಲ್' ತಿಂದ ಅಂದರೆ ಸಿಪ್ಪೆ ಸಮೇತ ತಿಂದ ಅಂತ.

ತೊಡಕು ಶುರುವಾಗುವುದು ನಮ್ಮ 'ಗಿ'ಯಿಂದಲೇ. ಕಾಫಿಗೀಫಿ, ಕೋಪಗೀಪ, ಪುಸ್ತಕಗಿಸ್ತಕ ಎಂದು ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಎರಕ ಹೊಯ್ಯುತ್ತೇವೆ. ಇಂಗ್ಲಿಷ್ ಅದನ್ನೇ ಎರಡು ಭಾಗ ಮಾಡುತ್ತದೆ. ಅಂಥವು ಇನ್ನೂ ಇವೆ ಎನ್ನಲು 'ಆ್ಯಂಡ್ ಸ್ಟಫ್', 'ಆ್ಯಂಡ್ ಥಿಂಗ್ಸ್'. ಇದೇ ಆಗಬೇಕೆಂದಿಲ್ಲ, ಬೇರೆಯಾದರೂ ಸರಿ ಎನ್ನಲು 'ಆರ್ ಸಮ್‌ಥಿಂಗ್'. "ಶಲ್ ವಿ ಹ್ಯಾವ್ ಕಾಫಿ ಆರ್ ಸಮ್‌ಥಿಂಗ್?" ಎಂದರೆ ಟೀ ಕುಡಿಯುವವನಿಗೂ ಜಾಗ ಬಿಟ್ಟಂತೆ. 'ಇಲ್ಲ' ಎನ್ನುವ ವಾಕ್ಯದಲ್ಲಿ ಅದು 'ಆರ್ ಎನಿಥಿಂಗ್' ಆಗುತ್ತದೆ: "ಐ ಆಮ್ ನಾಟ್ ಆಂಗ್ರಿ ಆರ್ ಎನಿಥಿಂಗ್", ಕೋಪಗೀಪ ಏನಿಲ್ಲ. ಇಲ್ಲಿ 'ಆ್ಯಂಡ್ ಆಲ್' ಹಾಕಿದರೆ ಆ ನಯವೇ ಹೋಯಿತು.

'ಸ್ಟಫ್'ಗೆ ಬಹುವಚನ ಇಲ್ಲ, 'ಸ್ಟಫ್ಸ್' ತಪ್ಪು. 'ಆ್ಯಂಡ್ ಸ್ಟಫ್' ಹಚ್ಚುವ ಮೊದಲು ಎರಡು ಹೆಸರು ಹೇಳಿದರೆ ಒಳ್ಳೆಯದು. ಬರೀ 'ಚೇರ್ಸ್ ಆ್ಯಂಡ್ ಸ್ಟಫ್' ಅಂದರೆ ಮನೆ ಸಾಮಾನೋ, ಆಫೀಸಿನದೋ? 'ಚೇರ್ಸ್, ಶಾಮಿಯಾನ ಆ್ಯಂಡ್ ಸ್ಟಫ್' ಅಂದ ತಕ್ಷಣ ಸಮಾರಂಭ ಕಣ್ಣಿಗೆ ಬರುತ್ತದೆ. ಉಳಿದದ್ದು ನಿಮಗೇ ಗೊತ್ತಲ್ಲ ಎಂಬ ಸಲಿಗೆ ಈ ಬಾಲದಲ್ಲಿದೆ. ಭಾಷಾವಿಜ್ಞಾನಿಗಳು ಇವನ್ನು 'ಜನರಲ್ ಎಕ್ಸ್‌ಟೆಂಡರ್' ಅನ್ನುತ್ತಾರೆ. ಮೇರಿಯನ್ ಓವರ್‌ಸ್ಟ್ರೀಟ್ 1999ರಲ್ಲಿ ಇವುಗಳ ಮೇಲೆಯೇ ಇಡೀ ಪುಸ್ತಕ ಬರೆದರು. ಭಾಷೆ ಸರಿಯಾಗಿ ಬಾರದವರ ತೊದಲು ಎಂದು ಇವನ್ನು ತಳ್ಳಿಹಾಕುವುದು ಅನ್ಯಾಯ.

'ಆ್ಯಂಡ್ ಎವೆರಿಥಿಂಗ್' ಮಾತ್ರ ಎಷ್ಟೋ ಸಲ ಪಟ್ಟಿಯನ್ನೇ ಬಿಟ್ಟು ಬೆರಗಿಗೆ ನಿಲ್ಲುತ್ತದೆ. "ಹಿ ಕೇಮ್ ಇನ್ ಎ ಸೂಟ್ ಆ್ಯಂಡ್ ಎವೆರಿಥಿಂಗ್" ಅಂದರೆ ಸೂಟು ಹಾಕ್ಕೊಂಡೇ ಬಂದುಬಿಟ್ಟಿದ್ದ ಅಂತ. 'ಆರ್ ವಾಟೆವರ್'ನಲ್ಲಿ ಯಾವುದಾದರೇನು ಎಂಬ ಉಡಾಫೆ ಇಣುಕುತ್ತದೆ. ಹಿರಿಯರ ಮುಂದೆ, ಗಿರಾಕಿಗಳ ಮುಂದೆ ಬೇಡ.

ಇನ್ನು 'ಎಟ್ಸೆಟ್ರಾ' ಬರವಣಿಗೆಗೇ ಸರಿ. ಲ್ಯಾಟಿನ್ನಿನ 'ಎಟ್' ಅಂದರೇ 'ಮತ್ತು', ಆದ್ದರಿಂದ 'ಆ್ಯಂಡ್ ಎಟ್ಸೆಟ್ರಾ' ಎಂದರೆ 'ಮತ್ತು' ಎರಡು ಸಲ ಬಂತು. 'ಎಕ್ಸೆಟ್ರಾ' ಅನ್ನುವುದೂ ಸರಿಯಲ್ಲ, ಅದರ ಉಚ್ಚಾರದಲ್ಲಿ 'ಕ್' ಇಲ್ಲ. 'ಸಚ್ ಆ್ಯಸ್' ಎಂದು ಶುರು ಮಾಡಿದ ಪಟ್ಟಿಗೆ ಅದು ಬೇಕಾಗಿಲ್ಲ. ಜನರ ಹೆಸರಾದ ಮೇಲೆ 'ಆ್ಯಂಡ್ ಅದರ್ಸ್' ಬರೆಯಿರಿ. ಮುಂತಾದವು ಬೇರೆ, ಮುಂತಾದವರು ಬೇರೆ ಎಂದು ಕನ್ನಡ ನಮಗೆ ಕಲಿಸಿಯೇ ಇದೆ.

ಕೆಲಸ ಹೇಳುವಾಗ ಮಾತ್ರ ಯಾವ ಬಾಲವೂ ಬೇಡ. 'ಆಧಾರ್ ಆ್ಯಂಡ್ ಸ್ಟಫ್' ತನ್ನಿ ಎಂದರೆ ಬಂದವರ ಕೈಯಲ್ಲಿ ಆಧಾರ್ ಒಂದೇ ಇರುತ್ತದೆ. ಆಧಾರ್, ಪಾಸ್‌ಬುಕ್ ಜೆರಾಕ್ಸ್, 2 ಫೋಟೋ ಎಂದು ಬಿಡಿಸಿ ಹೇಳಿ.