ಕೋಣೆ ಖಾಲಿ ಇದೆ, ಫಾರಂ ತುಂಬಿ

ಒಳ್ಳೆ ಮನಸ್ಸಿನ ಜನ ಅಂದ್ರೆ ಸರ್ಕಾರಕ್ಕೆ ಭಾರಿ ತಲೆನೋವು. ತೆರಿಗೆ ಕಟ್ಟದವನಿಗೆ ನೋಟಿಸ್ ಇದೆ. ಗಲಾಟೆ ಮಾಡುವವನಿಗೆ ಪೊಲೀಸರಿದ್ದಾರೆ. ಆದರೆ ‘ನಮ್ಮ ಮನೇಲಿ ಒಂದು ಕೋಣೆ ಖಾಲಿ ಇದೆ, ನಿರಾಶ್ರಿತರು ಯಾರಾದರೂ ಬಂದು ಇರಲಿ’ ಎಂದು ಬಂದವನನ್ನು ಏನು ಮಾಡುವುದು? ಅವನ ಮೇಲೆ ಹಾಕಲು ಯಾವ ಸೆಕ್ಷನ್ನೂ ಇಲ್ಲ. 2022ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರಕ್ಕೆ ಇಂಥವರು ಒಂದೇ ದಿನದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಗಂಟು ಬಿದ್ದರು. ಪಾಪ, ಅದು ತಾನೇ ಏನು ಮಾಡೀತು!

ಅದಕ್ಕೆ ಸ್ವಲ್ಪ ಹಿಂದಿನ ಕಥೆ ಇದು. ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಒಂದೇ ವಾರದಲ್ಲಿ ಸುಮಾರು ಹತ್ತು ಲಕ್ಷ ಜನ ಗಡಿ ದಾಟಿದರು. 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ. ಹಾಗಾಗಿ ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಐರೋಪ್ಯ ಒಕ್ಕೂಟದ ಬಳಿ 2001ರಲ್ಲೇ ಮಾಡಿಟ್ಟ ಒಂದು ನಿಯಮವಿತ್ತು. ಇಪ್ಪತ್ತು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ದೂಳು ಕೊಡವಿ ಹೊರತೆಗೆದರು. ಬನ್ನಿ, ಇರಿ, ಕೆಲಸ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿ ಎಂದರು.

ಜನರಂತೂ ನಿಯಮಕ್ಕೆ ಕಾಯಲೇ ಇಲ್ಲ. ಬರ್ಲಿನ್ ರೈಲು ನಿಲ್ದಾಣದಲ್ಲಿ ರಟ್ಟಿನ ತುಂಡಿನ ಮೇಲೆ ‘ಇಷ್ಟು ಜನಕ್ಕೆ ಜಾಗ ಇದೆ, ಇಷ್ಟು ದಿನಕ್ಕೆ’ ಎಂದು ಬರೆದು ಹಿಡಿದು ನಿಂತರು. ಪೋಲೆಂಡಿನ ಪ್ಶೆಮಿಶಲ್ ನಿಲ್ದಾಣದಲ್ಲಿ ಯಾರೋ ತಾಯಂದಿರು ಮಕ್ಕಳ ತಳ್ಳುಗಾಡಿಗಳನ್ನು ತಂದು ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ಬಿಟ್ಟು ಹೋದರು. ಬೇಕಾದವರು ತಗೊಳ್ಳಲಿ ಅಂತ.

ಬ್ರಿಟನ್ ಮಾತ್ರ ಕೇಳಿತು, ‘ವೀಸಾ ಎಲ್ಲಿ?’

ಫ್ರಾನ್ಸಿನ ಕ್ಯಾಲೆ ಬಂದರಿನಿಂದ ಆಚೆ ನೋಡಿದರೆ, ಮಂಜಿಲ್ಲದ ದಿನ ಇಂಗ್ಲೆಂಡಿನ ದಡ ಕಣ್ಣಿಗೆ ಕಾಣುತ್ತದೆ. ಅಲ್ಲಿವರೆಗೂ ಬಂದ ಉಕ್ರೇನಿಗರಿಗೆ ಬ್ರಿಟಿಷ್ ಅಧಿಕಾರಿಗಳು ಸಿಕ್ಕಿದ್ದು ನಿಜ. ಒಂದು ಮೇಜು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಕಿಟ್‌ಕ್ಯಾಟ್ ಚಾಕೊಲೇಟು, ಚಿಪ್ಸ್ ಪ್ಯಾಕೆಟ್ಟು. ವೀಸಾ ಮಾತ್ರ ಇರಲಿಲ್ಲ. ಅದಕ್ಕೆ ಪ್ಯಾರಿಸ್ಸಿಗೋ ಬ್ರಸೆಲ್ಸಿಗೋ ಹೋಗಬೇಕಿತ್ತು. ಕ್ಯಾಲೆಗೆ ಹೋಗುವ ದಾರಿಯಲ್ಲೇ ಕೇಂದ್ರ ತೆರೆದಿದ್ದೇವೆ ಎಂದು ಗೃಹ ಸಚಿವೆ ಪ್ರೀತಿ ಪಟೇಲ್ ಸಂಸತ್ತಿಗೆ ಹೇಳಿದರು. ಹುಡುಕಿದರೆ ಸಿಗಲಿಲ್ಲ. ಆಮೇಲೆ ಲಿಲ್ ಪಟ್ಟಣದಲ್ಲಿ ತೆರೆಯುತ್ತೇವೆ ಎಂದರು. ಕೊನೆಗೆ ತೆರೆದಿದ್ದು ಅರಾಸ್ ಎಂಬ ಇನ್ನೊಂದು ಊರಿನಲ್ಲಿ. ಬಾಂಬ್ ತಪ್ಪಿಸಿಕೊಂಡು ಬಂದ ಅಜ್ಜಿ ಬೆರಳಚ್ಚು ಕೊಡಲು ಯಾವ ಬಸ್ಸು ಹತ್ತಬೇಕು ಎಂದು ಕೇಳಬೇಕಾಯಿತು. ಏನೇ ಆದರೂ ಚಾಕೊಲೇಟಿಗೆ ಫಾರಂ ಕೇಳಲಿಲ್ಲ, ಅದನ್ನು ಒಪ್ಪಿಕೊಳ್ಳೋಣ.

ಟೀಕೆ ಜಾಸ್ತಿಯಾಯಿತು. ಮಾರ್ಚ್ 14ರಂದು ವಸತಿ ಖಾತೆಯ ಸಚಿವ ಮೈಕೆಲ್ ಗೋವ್ ‘ಹೋಮ್ಸ್ ಫಾರ್ ಉಕ್ರೇನ್’ ಯೋಜನೆ ತಂದರು. ನಿಮ್ಮ ಮನೆಯಲ್ಲಿ ಕನಿಷ್ಠ ಆರು ತಿಂಗಳು ಜಾಗ ಕೊಡಿ, ತಿಂಗಳಿಗೆ 350 ಪೌಂಡ್ ಧನ್ಯವಾದದ ಹಣ ಕೊಡುತ್ತೇವೆ ಎಂದರು. ಜನ ಮುಗಿಬಿದ್ದರು. ವೆಬ್‌ಸೈಟ್ ಆಗಲೇ ಮಗುಚಿಕೊಂಡಿತು. ರಟ್ಟಿನ ತುಂಡಿಗೆ ಇಂಥ ತೊಂದರೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಟೆಂಡರ್ ಕರೆದಿರುವುದಿಲ್ಲ.

ಮರುದಿನದ ಹೊತ್ತಿಗೆ ಒಂದು ಲಕ್ಷ ದಾಟಿದ ಹೆಸರುಗಳು! ಮಂತ್ರಿಗಳು ಆ ಸಂಖ್ಯೆಯನ್ನು ಹೇಳಿದ್ದೇ ಹೇಳಿದ್ದು. ನಮ್ಮ ಜನ ಎಷ್ಟು ಉದಾರಿಗಳು ನೋಡಿ, ಅಂತ. ಜನ ಉದಾರಿಗಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಸರು ಬರೆಸಿದವರು ಮನೆಗೆ ಹೋಗಿ ಫೋನ್ ಬರುತ್ತದೆ ಎಂದು ಕಾದರು. ಫೋನ್ ಯಾಕೆ ಬರುತ್ತದೆ? ಅದು ಬರೀ ಆಸಕ್ತಿ ನೋಂದಣಿ. ಯೋಜನೆಯ ಮೊದಲ ಹಂತದಲ್ಲಿ ಅರ್ಜಿ ಹಾಕಬೇಕಾದರೆ ಯಾವ ಉಕ್ರೇನಿಗರಿಗೆ ಮನೆ ಕೊಡುತ್ತೀರಿ ಎಂದು ಹೆಸರು ಬರೆಯಬೇಕು. ಆ ಹೆಸರು ಎಲ್ಲಿಂದ ತರುವುದು? ಅದು ನಿಮಗೇ ಗೊತ್ತಿರಬೇಕು. ಗೊತ್ತಿಲ್ಲವಾದರೆ ಗೊತ್ತು ಮಾಡಿಕೊಳ್ಳಬೇಕು. ಲಕ್ಷ ಜಾತಕ ಬಗಲಲ್ಲಿಟ್ಟುಕೊಂಡ ಮದುವೆ ದಲ್ಲಾಳಿ, ‘ಹೆಣ್ಣನ್ನು ನೀವೇ ಹುಡುಕಿಕೊಂಡು ಬನ್ನಿ, ಲಗ್ನಪತ್ರಿಕೆಗೆ ಸೀಲು ಹಾಕಿಕೊಡ್ತೀನಿ’ ಅಂದ ಹಾಗೆ.

ಜನ ಏನು ಮಾಡಿದರು? ಫೇಸ್‌ಬುಕ್ ಹೊಕ್ಕರು. ಅಲ್ಲಿ ಶುರುವಾಯಿತು ನೋಡಿ ಸಂತೆ. ಒಂದು ಕಡೆ ಮನೆ ಕೊಡುವವರು: ನಾವು ದಂಪತಿ, ಎರಡು ನಾಯಿ, ದೊಡ್ಡ ತೋಟ, ಹತ್ತಿರದಲ್ಲೇ ಒಳ್ಳೆ ಶಾಲೆ. ಇನ್ನೊಂದು ಕಡೆ ಮನೆ ಕಳೆದುಕೊಂಡವರು: ನಾನು ಟೀಚರ್, ಇಬ್ಬರು ಮಕ್ಕಳು, ಗಲಾಟೆ ಮಾಡುವುದಿಲ್ಲ, ಅಡುಗೆ ಬರುತ್ತದೆ. ನಗುತ್ತಿರುವ ಫೋಟೊ ಜೊತೆಗೆ. ಮನೆ ಮೇಲೆ ಶೆಲ್ ಬಿದ್ದ ಮೇಲೂ ಮುಖದಲ್ಲಿ ನಗು ಇಟ್ಟುಕೊಂಡು ನಾವು ಒಳ್ಳೆಯವರು ಎಂದು ಜಾಹೀರಾತು ಕೊಡಬೇಕು. ಫೋಟೊದಲ್ಲಿ ಮಗು ಮುದ್ದಾಗಿದ್ದರೆ ಬೇಗ ಮನೆ ಸಿಗುತ್ತದೆ. ಮೂವರು ಮಕ್ಕಳು, ಒಬ್ಬ ಕಾಯಿಲೆಯ ತಂದೆ, ಒಂದು ಮುದಿ ಬೆಕ್ಕು ಇದ್ದವರ ಪೋಸ್ಟ್ ಕೆಳಗೆ ಕೆಳಗೆ ಜಾರುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿ. ತಪಾಸಣೆಯೇ ಬೇಡ ಎನ್ನುವ ಪೈಕಿ ನಾನಲ್ಲ. ನಿಲ್ದಾಣದಲ್ಲಿ ರಟ್ಟು ಹಿಡಿದು ನಿಂತವರೆಲ್ಲ ದೇವರಲ್ಲ. ಗುರುತಿಲ್ಲದವನ ಕಾರು ಹತ್ತುವ ಹುಡುಗಿಯ ಬಗ್ಗೆ ಯಾರಾದರೂ ಯೋಚಿಸಲೇಬೇಕು. ಆದರೆ ಈ ಯೋಜನೆಯ ಅನುಮಾನ ಯಾರ ಮೇಲೆ ಮೊದಲು ಬಿತ್ತು? ಓಡಿ ಬಂದ ಅಜ್ಜಿಯ ಮೇಲೆ. ಅವಳ ಪಾಸ್‌ಪೋರ್ಟು, ಅವಳ ವಿಳಾಸ, ಯುದ್ಧಕ್ಕೆ ಮುಂಚೆ ಅವಳು ಉಕ್ರೇನಿನಲ್ಲೇ ಇದ್ದಳು ಎಂಬುದಕ್ಕೆ ದಾಖಲೆ, ಎಲ್ಲವನ್ನೂ ಇಂಗ್ಲಿಷಿನ ಫಾರಂನಲ್ಲಿ ತುಂಬಿ ಅಪ್‌ಲೋಡ್ ಮಾಡಬೇಕು. ದೇಶದ ಬಾಗಿಲಿಗೆ ಏಳು ಬೀಗ. ಅದೇ ಅಜ್ಜಿ, ಅವಳ ಮಗಳು, ಮೊಮ್ಮಗಳು ಯಾರ ಮನೆಯಲ್ಲಿ ಮಲಗಬೇಕು ಎಂಬುದನ್ನು ಮಾತ್ರ ಫೇಸ್‌ಬುಕ್ಕಿನ ಕೈಗೆ ಬಿಟ್ಟರು. ಸ್ಥಳೀಯ ಕೌನ್ಸಿಲ್‌ನವರು ಮನೆ ನೋಡಬೇಕಿತ್ತು, ಮನೆಯವರ ಹಿನ್ನೆಲೆ ವಿಚಾರಿಸಬೇಕಿತ್ತು. ವಿಚಾರಿಸಿದರು ಕೂಡ. ಕೆಲವು ಕಡೆ ಅತಿಥಿಗಳು ಬಂದು ಹಾಸಿಗೆ ಹಾಸಿಕೊಂಡ ಮೇಲೆ! ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ ಬಾಯಿಬಿಟ್ಟು ಹೇಳಬೇಕಾಯಿತು, ಒಂಟಿ ಹೆಂಗಸರನ್ನು, ಮಕ್ಕಳಿರುವ ತಾಯಂದಿರನ್ನು ಒಂಟಿ ಗಂಡಸರ ಮನೆಗೆ ಜೋಡಿಸಬೇಡಿ ಅಂತ. ಇದಕ್ಕೂ ವಿಶ್ವಸಂಸ್ಥೆ ಬೇಕಿತ್ತಾ? ಮನೆಯಲ್ಲಿ ಯಾವ ಹಿರಿಯರನ್ನು ಕೇಳಿದ್ದರೂ ಪುಕ್ಕಟೆಯಾಗಿ ಹೇಳುತ್ತಿದ್ದರು.

ಏಪ್ರಿಲ್ ಮೊದಲ ವಾರದ ಲೆಕ್ಕ ನೋಡಿ. ಈ ಯೋಜನೆಯಲ್ಲಿ ಬ್ರಿಟನ್ ತಲುಪಿದ್ದವರು ಸುಮಾರು 1,200 ಜನ. ಮನೆ ಕೊಡುತ್ತೇವೆ ಎಂದವರು ಲಕ್ಷದ ಮೇಲೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಅಂಕಿಅಂಶ ಹಿಂದೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಮನೆಯವರಿಗೆಲ್ಲ ವೀಸಾ ಬಂದು, ಒಂದು ಮಗುವಿಗೆ ಮಾತ್ರ ಬಾರದೆ, ಇಡೀ ಕುಟುಂಬ ಗಡಿಯಾಚೆ ಯಾವುದೋ ಕೋಣೆಯಲ್ಲಿ ಕಾಯುತ್ತಾ ಕೂತ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಬ್ರಿಟನ್ನಿನ ಭದ್ರತೆಗೆ ಆ ಮಗುವಿನಿಂದ ಏನು ಅಪಾಯವಿತ್ತೋ, ಅಧಿಕಾರಿಗಳಿಗೇ ಗೊತ್ತು. ಪ್ರೀತಿ ಪಟೇಲ್ ಕ್ಷಮೆ ಕೇಳಿದರು. ತಮಗೂ ಬೇಸರವಾಗಿದೆ ಎಂದರು. ಇಲಾಖೆ ಅವರದ್ದೇ, ವಿಳಂಬ ಇಲಾಖೆಯದ್ದು, ಬೇಸರ ಮಾತ್ರ ಎಲ್ಲರ ಪಾಲಿನದ್ದು.

ಹಾಗಂತ ಯೋಜನೆ ಮುಗ್ಗರಿಸಿ ಬಿದ್ದೇ ಹೋಯಿತು ಎಂದರೆ ಸುಳ್ಳಾಗುತ್ತದೆ. 2022 ಮುಗಿಯುವಷ್ಟರಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಉಕ್ರೇನಿಗರು ಇದರಲ್ಲೇ ಬಂದು ಸೇರಿದರು. ಸೇರಿಸಿದವರು ಯಾರು? ರಾತ್ರಿಯೆಲ್ಲ ಕೂತು ಗುರುತಿಲ್ಲದವರ ಫಾರಂ ತುಂಬಿದ ನಿವೃತ್ತ ಮೇಷ್ಟರು, ಸಹಾಯವಾಣಿಯ ಸಂಗೀತ ಬಾಯಿಪಾಠವಾಗುವಷ್ಟು ಹೊತ್ತು ಫೋನ್ ಹಿಡಿದ ಗೃಹಿಣಿಯರು. ಧನ್ಯವಾದದ ಹಣ ಸಿಕ್ಕಿದ್ದು ಮನೆ ಕೊಟ್ಟಿದ್ದಕ್ಕೆ. ಗುಮಾಸ್ತಿಕೆ ಮಾಡಿದ್ದಕ್ಕೆ ಬೇರೆ ಸಂಬಳ ಬರಬೇಕಿತ್ತು.

ನಾಯಕರೂ ಮನೆ ಕೊಟ್ಟ ಉದಾಹರಣೆ ಇಲ್ಲವೇ? ಕೊಡುತ್ತೇನೆ ಎಂದ ಉದಾಹರಣೆ ಇದೆ. 2015ರಲ್ಲಿ ಫಿನ್ಲೆಂಡಿನ ಪ್ರಧಾನಿ ಯುಹಾ ಸಿಪಿಲಾ, ಕೆಂಪೆಲೆ ಎಂಬಲ್ಲಿರುವ ತಮ್ಮ ಮನೆಯನ್ನು ಆಶ್ರಯ ಕೇಳಿ ಬಂದವರಿಗೆ ಕೊಡುತ್ತೇನೆ ಎಂದರು. ಪ್ರಪಂಚದ ಪತ್ರಿಕೆಗಳೆಲ್ಲ ಹೊಗಳಿದವು. ಕೆಲವೇ ತಿಂಗಳಲ್ಲಿ ಭದ್ರತೆಯ ಕಾರಣಕ್ಕೆ ಅದು ಆಗಲಿಲ್ಲ ಎಂಬ ಸುದ್ದಿ ಬಂತು. ಅಷ್ಟೇ ಹೊಗಳಿಕೆಯನ್ನು ಯಾರೂ ವಾಪಸ್ ಕೇಳಲಿಲ್ಲ.

ಬ್ರಿಟನ್ನಿಗೆ ಮರಳೋಣ. ಆರು ತಿಂಗಳು ಅಂದರೆ ಆರು ತಿಂಗಳು, ಅದು ಬಂದೇ ಬರುತ್ತದೆ ಎಂಬುದು ಕ್ಯಾಲೆಂಡರ್ ಇಟ್ಟುಕೊಂಡ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಈ ಜನ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಮಾತ್ರ ಸರ್ಕಾರಕ್ಕೆ ಹೊಸದಾಗಿ ಕಂಡಿತು. ಬಾಡಿಗೆ ಮನೆ ಕೇಳಿದರೆ ಮಾಲೀಕರು ಜಾಮೀನು ಕೇಳಿದರು, ಹಲವು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಊರು ಬಿಟ್ಟು ಬ್ಯಾಗಿನೊಂದಿಗೆ ಬಂದವಳಿಗೆ ಯಾರು ಜಾಮೀನು? ನಿರಾಶ್ರಿತರ ಖಾತೆ ನೋಡಿಕೊಳ್ಳುತ್ತಿದ್ದ ಸಚಿವರು, ಆ 350 ಪೌಂಡನ್ನು ದುಪ್ಪಟ್ಟು ಮಾಡಿ ಎಂದು ಕೇಳಿದ್ದವರು, ಸೆಪ್ಟೆಂಬರ್‌ನಲ್ಲಿ ಹುದ್ದೆ ಬಿಟ್ಟರು. ಅತಿಥಿಗಳ ಅವಧಿ ಮುಗಿಯುವ ಹೊತ್ತಿಗೆ ಸಚಿವರ ಅವಧಿಯೂ ಮುಗಿಯಿತು, ಅಚ್ಚುಕಟ್ಟಾಗಿ. ಅತಿಥಿ ಬಂದು ವರ್ಷ ದಾಟಿದ ಮನೆಯವರಿಗೆ ಧನ್ಯವಾದದ ಹಣ 500 ಪೌಂಡ್ ಆಯಿತು. ಅದೇ ಹೊತ್ತಿಗೆ, ಪ್ರತಿ ಅತಿಥಿಯ ಲೆಕ್ಕದಲ್ಲಿ ಕೌನ್ಸಿಲ್‌ಗಳಿಗೆ ಸಿಗುತ್ತಿದ್ದ 10,500 ಪೌಂಡ್ 2023ರಿಂದ ಹೊಸದಾಗಿ ಬರುವವರಿಗೆ 5,900ಕ್ಕೆ ಇಳಿಯಿತು. ಒಂದು ಜೇಬಿಗೆ ಹಾಕಿ ಇನ್ನೊಂದು ಜೇಬಿನಿಂದ ತೆಗೆಯುವ ವಿದ್ಯೆಗೆ ಬಜೆಟ್ ಎಂದು ಹೆಸರು.

ಕೊನೆಗೆ 2024ರ ಫೆಬ್ರವರಿ 19. ಬ್ರಿಟನ್ನಿನಲ್ಲಿ ನೆಲೆಸಿದ ಉಕ್ರೇನಿಗರು ತಮ್ಮ ಬಂಧುಗಳನ್ನು ಕರೆಸಿಕೊಳ್ಳಲು ಇದ್ದ ಇನ್ನೊಂದು ವೀಸಾ ಯೋಜನೆಯನ್ನು ನಿಲ್ಲಿಸಿದ್ದೇವೆ ಎಂದು ಸರ್ಕಾರ ಪ್ರಕಟಿಸಿತು. ಎಂದಿನಿಂದ? ಅವತ್ತೇ ಮಧ್ಯಾಹ್ನ ಮೂರು ಗಂಟೆಯಿಂದ. ಮುನ್ಸೂಚನೆ ಇಲ್ಲ, ನೋಂದಣಿ ಇಲ್ಲ, ಕಾಯುವ ಸಾಲಿಲ್ಲ. ಎರಡು ವರ್ಷ ತೆವಳಿದ ವ್ಯವಸ್ಥೆ, ಬಾಗಿಲು ಹಾಕುವ ಕೆಲಸವನ್ನು ಮಾತ್ರ ಹೇಳಿದ ದಿನವೇ ಮುಗಿಸಿತು.