ಮಾರದೇ ಇರುವುದೇ ಇವನ ಕಸುಬು

ಮೊನೊಪೊಲಿ ಆಡಿದವರಿಗೆ ಮೇಫೇರ್ ಗೊತ್ತಿರುತ್ತದೆ. ಲಂಡನ್ ಬೋರ್ಡಿನಲ್ಲಿ ಎಲ್ಲಕ್ಕಿಂತ ದುಬಾರಿ ಜಾಗ. ನನ್ನ ಚಿಕ್ಕಪ್ಪನ ಮಗ ಅದನ್ನು ಕೊಂಡ ಅಂದರೆ ನಾವೆಲ್ಲ ಪಾಪರ್ ಅಂತಲೇ ಲೆಕ್ಕ.

ನಿಜವಾದ ಮೇಫೇರಿಗೂ ಒಬ್ಬ ಯಜಮಾನ ಇದ್ದಾನೆ. ಹ್ಯೂ ಗ್ರೋವ್ನರ್, ವೆಸ್ಟ್‌ಮಿನ್‌ಸ್ಟರಿನ 7ನೇ ಡ್ಯೂಕ್. 2016ರ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ 25 ವರ್ಷ. ಮೇಫೇರಿನ ದೊಡ್ಡ ಭಾಗ ಮತ್ತು ಬೆಲ್‌ಗ್ರೇವಿಯಾ ಸೇರಿ, ಲಂಡನ್ನಿನ ನಟ್ಟನಡುವೆ ಸುಮಾರು 300 ಎಕರೆ ಈ ಮನೆತನದ್ದು. ಆಗಿನ ಅಂದಾಜಿನಲ್ಲಿ ಒಟ್ಟು ಆಸ್ತಿ ಸುಮಾರು 900 ಕೋಟಿ ಪೌಂಡ್.

ಆ ಹೊತ್ತಿಗೆ ಹುಡುಗ ಏನು ಮಾಡುತ್ತಿದ್ದ ಗೊತ್ತಾ? ನ್ಯೂಕ್ಯಾಸಲ್‌ನಲ್ಲಿ ಓದು ಮುಗಿಸಿ ಬಯೋ-ಬೀನ್ ಅನ್ನೋ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಅಂಗಡಿಗಳು ಬಿಸಾಡುವ ಕಾಫಿ ಚರಟದಿಂದ ಉರುವಲು ಮಾಡುತ್ತಿದ್ದ ಕಂಪನಿ. (ನಮ್ಮ ಮನೆಯಲ್ಲಿ ಚರಟ ಗುಲಾಬಿ ಗಿಡದ ಬುಡಕ್ಕೆ ಹೋಗುತ್ತದೆ, ಅಷ್ಟೇ.) ಕೆಟ್ಟವನೇನಲ್ಲ. ಕೋವಿಡ್ ಬಂದಾಗ 1.25 ಕೋಟಿ ಪೌಂಡ್ ಕೊಟ್ಟ.

ಆದರೂ ಇವನ 'ವೃತ್ತಿಜೀವನ' ಅಂತ ಯಾರಾದರೂ ಬರೆದರೆ ನನಗೆ ನಗು ಬರುತ್ತದೆ. ಈ ಮನೆತನದ ಕಸುಬು ಒಂದೇ, ನೆಲ ಮಾರದೇ ಇರುವುದು. ಅಲ್ಲಿಯ ಲೀಸ್ ನಮ್ಮ ಬೆಂಗಳೂರಿನ ಲೀಸ್ ಅಲ್ಲ. ನಾವು ಒಂದಷ್ಟು ಲಕ್ಷ ಕೊಟ್ಟು, ಮೂರು ವರ್ಷ ಇದ್ದು, ದುಡ್ಡು ವಾಪಸ್ ಇಸ್ಕೊಂಡು ಹೊರಡುತ್ತೇವೆ. ಅಲ್ಲಿ ಕೋಟಿಗಟ್ಟಲೆ ಸುರಿದು ಮನೆ ಕೊಂಡರೂ ಕೈಗೆ ಸಿಗುವುದು ವರ್ಷಗಳು ಮಾತ್ರ. ಹಳೇ ಪದ್ಧತಿಯಲ್ಲಿ 99 ವರ್ಷದ ಕರಾರು ಮುಗಿದರೆ ಕಟ್ಟಡವೂ ನೆಲದ ಯಜಮಾನನದ್ದೇ. ಫ್ಲ್ಯಾಟಿನವರು ಒಟ್ಟಾಗಿ ಆ ನೆಲ ಕೊಂಡುಕೊಳ್ಳಬಹುದು ಅಂತ 1993ರಲ್ಲಿ ಕಾನೂನು ಬಂತು. ಹ್ಯೂನ ಅಪ್ಪ ಸಿಟ್ಟಾಗಿ, ಆ ಕಾನೂನು ತಂದ ಕನ್ಸರ್ವೇಟಿವ್ ಪಕ್ಷವನ್ನೇ ಬಿಟ್ಟರು!

ತೆರಿಗೆಯ ಕಥೆಯೂ ಹಾಗೇ. ಅಲ್ಲಿ ಸತ್ತವರ ಆಸ್ತಿ ಮಕ್ಕಳಿಗೆ ಬರುವಾಗ, ಒಂದು ಮಿತಿ ದಾಟಿದರೆ ಶೇ. 40 ತೆರಿಗೆ. ಗ್ರೋವ್ನರ್ ಆಸ್ತಿಯ ಬಹುಪಾಲು ಟ್ರಸ್ಟ್‌ಗಳ ಹೆಸರಲ್ಲಿದೆ. ಅದಕ್ಕೆ 10 ವರ್ಷಕ್ಕೊಮ್ಮೆ ಹೆಚ್ಚೆಂದರೆ ಶೇ. 6. ಎಲ್ಲವೂ ಕಾನೂನಿನ ಪ್ರಕಾರವೇ, ಅದೇ ನನಗೆ ಉರಿಯುವುದು.

ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಹ್ಯೂಗೆ ಇಬ್ಬರು ಅಕ್ಕಂದಿರಿದ್ದಾರೆ. ಪಟ್ಟವೂ ಯಜಮಾನಿಕೆಯೂ ಅವರನ್ನು ದಾಟಿ ತಮ್ಮನಿಗೆ ಬಂತು. ನಮ್ಮಲ್ಲಾದರೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅನ್ನೋ 2005ರ ಕಾನೂನು ಬಂದಮೇಲೂ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ದಾರಿಯಲ್ಲಿ ಒಂದು ಸೀರೆ ಕೊಡಿಸುತ್ತಾರೆ. ಅಲ್ಲಿ ಸೀರೆಯ ಖರ್ಚೂ ಇಲ್ಲ.

ತಮಾಷೆ ಏನು ಅಂದರೆ, ಈ ನೆಲ ಗ್ರೋವ್ನರ್‌ಗಳಿಗೆ ಬಂದದ್ದೇ ಒಬ್ಬ ಹುಡುಗಿಯಿಂದ. ಮೇರಿ ಡೇವಿಸ್. 1665ರಲ್ಲಿ ಅಪ್ಪ ಪ್ಲೇಗಿನಲ್ಲಿ ಸತ್ತಾಗ ಆಕೆ ಹಸುಗೂಸು. ಲಂಡನ್ನಿನ ಹೊರಗಿನ ಜೌಗು, ಹುಲ್ಲುಗಾವಲು ಅವಳ ಪಾಲಿಗೆ ಬಂದಿತ್ತು. 1677ರಲ್ಲಿ 12 ವರ್ಷದ ಅವಳನ್ನು ಸರ್ ಥಾಮಸ್ ಗ್ರೋವ್ನರ್‌ಗೆ ಮದುವೆ ಮಾಡಿಕೊಟ್ಟರು. ಆ ಜೌಗೇ ಇವತ್ತಿನ ಮೇಫೇರ್, ಬೆಲ್‌ಗ್ರೇವಿಯಾ. ಅಲ್ಲಿ ಡೇವಿಸ್ ಸ್ಟ್ರೀಟ್ ಅಂತ ಒಂದು ಬೀದಿಗೆ ಅವಳ ಮನೆತನದ ಹೆಸರಿದೆ.

ಹ್ಯೂ 2024ರ ಜೂನಿನಲ್ಲಿ ಚೆಸ್ಟರ್ ಕ್ಯಾಥೆಡ್ರಲ್‌ನಲ್ಲಿ ಮದುವೆಯಾದ. ಮರುವರ್ಷ ಮಗಳು ಹುಟ್ಟಿದಳು. ಈಗಿನ ನಿಯಮದಲ್ಲಿ ಡ್ಯೂಕ್ ಪಟ್ಟ ಆ ಮಗುವಿಗೆ ಬರುವುದಿಲ್ಲ.